ಗೇಟಿನ ಹಣ ಯಾರ ಪಾಲಾಯಿತು?

1952ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಇಟಲಿಗೆ ಆಡಲು ಹೋಗಿತ್ತು. ಆಗ ತಂಡದ ಹೆಸರಾಂತ ಆಟಗಾರ ಟಾಮ್ ಫಿನ್ನಿ ಅವರ ಮುಂದೆ ಸಿಸಿಲಿ ದ್ವೀಪದ ಪಲೆರ್ಮೊ ಕ್ಲಬ್ ಒಂದು ಪ್ರಸ್ತಾಪ ಇಟ್ಟಿತು. ಕರಾರಿಗೆ ಸಹಿ ಹಾಕಿದರೆ 10,000 ಪೌಂಡ್, ಅದಲ್ಲದೆ ಕೈತುಂಬ ಸಂಬಳ, ವಾಸಕ್ಕೆ ಬಂಗಲೆ, ಓಡಾಡಲು ಕಾರು. ಊರಿನಲ್ಲಿ ಅವರು ಆಡುತ್ತಿದ್ದ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ನಿಯಮದ ಪ್ರಕಾರ ಕೊಡಬಹುದಾಗಿದ್ದ ಗರಿಷ್ಠ ಸಂಬಳ ವಾರಕ್ಕೆ 14 ಪೌಂಡ್ ಮಾತ್ರ. ಆದರೆ ಪ್ರೆಸ್ಟನ್ ಕ್ಲಬ್ ಅವರನ್ನು ಬಿಟ್ಟುಕೊಡಲಿಲ್ಲ. ಕ್ಲಬ್ಬು ಬಿಡದೆ ಆಟಗಾರ ಹೋಗುವಂತಿರಲಿಲ್ಲ. ಫಿನ್ನಿ ಊರಿಗೆ ಮರಳಿ, ಆಟದ ಜೊತೆಗೆ ತಮ್ಮ ಕೊಳಾಯಿ ಕೆಲಸದ ಕಸುಬನ್ನೂ ಮುಂದುವರಿಸಿದರು.

ಜನ ಆಟ ನೋಡಲು ಬರುತ್ತಿರಲಿಲ್ಲವೆಂದಲ್ಲ. 1948-49ರ ಋತುವಿನಲ್ಲಿ ಇಂಗ್ಲಿಷ್ ಲೀಗ್ ಪಂದ್ಯಗಳಿಗೆ ಬಂದವರ ಸಂಖ್ಯೆ 4 ಕೋಟಿ 10 ಲಕ್ಷವನ್ನು ಮೀರಿತ್ತು. ಆಟಗಾರನನ್ನು ನೋಡಲೆಂದೇ ಇಷ್ಟು ಜನ ಕಾಸು ಕೊಟ್ಟು ಒಳಗೆ ಬರುತ್ತಿದ್ದಾಗ ಅವನ ಕೈಗೆ ಅಷ್ಟು ಕಡಿಮೆ ಹಣ ಸೇರುತ್ತಿದ್ದುದು ಏಕೆ? ಉತ್ತರಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹಳೆಯ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಹಬ್ಬದ ದಿನಗಳ ಬೀದಿಯಾಟವಾಗಿತ್ತು. ಅದಕ್ಕೆ ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿ ನಿಯಮಗಳನ್ನು ಬರೆದವರು ಸ್ಥಿತಿವಂತರು. ಆಟಕ್ಕೆ ಹಣ ಪಡೆಯುವುದು ಅವರ ದೃಷ್ಟಿಯಲ್ಲಿ ಹೀನಾಯ. ಆದರೆ ಅಷ್ಟರಲ್ಲಿ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. 1850ರ ಕಾರ್ಖಾನೆ ಕಾಯಿದೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಹೆಂಗಸರ ಮತ್ತು ಹದಿಹರೆಯದವರ ಕೆಲಸ ನಿಲ್ಲಿಸುವಂತೆ ವಿಧಿಸಿತು. ಅವರಿಲ್ಲದೆ ಗಿರಣಿ ಓಡುವುದಿಲ್ಲವಾದ್ದರಿಂದ ಗಂಡಸರಿಗೂ ಬಿಡುವು ದೊರೆಯಿತು. ಕೈಯಲ್ಲಿ ವಾರದ ಬಟವಾಡೆ, ಎದುರಿಗೆ ಅರ್ಧ ದಿನದ ರಜೆ. ಇನ್ನೊಂದು ಊರಿನ ತಂಡವನ್ನು ಹೊತ್ತು ತರಲು ರೈಲು. ಮೈದಾನದ ಸುತ್ತ ಬೇಲಿ ಕಟ್ಟಿ ಗೇಟಿನಲ್ಲಿ ಒಬ್ಬನನ್ನು ನಿಲ್ಲಿಸಿದರೆ ಆಟ ಮಾರಾಟದ ಸರಕಾಯಿತು.

ಗೇಟಿನಲ್ಲಿ ದುಡ್ಡು ಬರತೊಡಗಿದ ಮೇಲೆ ಗೆಲ್ಲುವ ತಂಡ ಬೇಕಾಯಿತು. ಉತ್ತರದ ಕ್ಲಬ್ಬುಗಳು ಸ್ಕಾಟ್ಲೆಂಡಿನಿಂದ ಒಳ್ಳೆಯ ಆಟಗಾರರನ್ನು ಕರೆತಂದು, ನೆಪಕ್ಕೊಂದು ಕೆಲಸ ಕೊಟ್ಟು, ಒಳಗೊಳಗೇ ಹಣ ಕೊಡುತ್ತಿದ್ದವು. 1884ರಲ್ಲಿ ಈ ಬಗ್ಗೆ ದೂರು ಬಂದಾಗ ಪ್ರೆಸ್ಟನ್ ಕ್ಲಬ್ಬಿನ ವಿಲಿಯಂ ಸಡೆಲ್ ಮುಚ್ಚುಮರೆಯಿಲ್ಲದೆ ಹೌದೆಂದು ಒಪ್ಪಿಕೊಂಡರು. ಗದ್ದಲವಾಯಿತು, 1885ರಲ್ಲಿ ಅಸೋಸಿಯೇಷನ್ ವೃತ್ತಿಪರ ಆಟಕ್ಕೆ ಒಪ್ಪಿಗೆ ಕೊಟ್ಟಿತು.

ಒಪ್ಪಿಗೆಯ ಜೊತೆಗೆ ಹೊಸ ಚಿಂತೆಯೂ ಬಂತು. ಆಟಗಾರರಿಗೆ ವಾರವಾರ ಸಂಬಳ ಕೊಡಬೇಕು. ಪಂದ್ಯಗಳೋ ಎದುರಾಳಿ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಈ ತೊಡಕಿಗೆ ಪರಿಹಾರ ಸೂಚಿಸಿದವರು ಬರ್ಮಿಂಗ್‌ಹ್ಯಾಮಿನ ಬಟ್ಟೆ ವ್ಯಾಪಾರಿ, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್. ಅವರ ಪ್ರಯತ್ನದಿಂದ 1888ರಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಹುಟ್ಟಿತು. ಯಾರು ಯಾರೊಡನೆ ಎಂದು ಆಡಬೇಕೆಂಬ ಪಟ್ಟಿ ಮೊದಲೇ ಸಿದ್ಧವಾಗುತ್ತಿತ್ತು. ಮೊದಲ ವರ್ಷವೇ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಗೆದ್ದದ್ದು ಪ್ರೆಸ್ಟನ್.

ಬಟ್ಟೆ ವ್ಯಾಪಾರಕ್ಕೂ ಆಟದ ವ್ಯಾಪಾರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಎದುರಿನ ಅಂಗಡಿ ಬಾಗಿಲು ಹಾಕಿದರೆ ಬಟ್ಟೆ ವ್ಯಾಪಾರಿಗೆ ಲಾಭ. ಎದುರಾಳಿ ತಂಡ ಮುಳುಗಿದರೆ ಮಾತ್ರ ಫುಟ್‌ಬಾಲ್ ಕ್ಲಬ್ಬಿಗೆ ನಷ್ಟ. ಯಾರು ಗೆಲ್ಲುವರೆಂದು ಮೊದಲೇ ಗೊತ್ತಿರುವ ಪಂದ್ಯಕ್ಕೆ ಜನ ಬರುವುದಿಲ್ಲ. ದೊಡ್ಡ ನಗರದ ಸಿರಿವಂತ ಕ್ಲಬ್ಬು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಸಣ್ಣ ಊರುಗಳ ಗತಿಯೇನು? ಈ ಆತಂಕವನ್ನು ಮುಂದಿಟ್ಟುಕೊಂಡು ಎರಡು ಕಟ್ಟಳೆಗಳು ಬಂದವು. 1893ರಿಂದ ಕರಾರು ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯಿತು. ಅದು ಬಿಡದೆ ಲೀಗಿನ ಬೇರೆ ಕ್ಲಬ್ಬು ಅವನನ್ನು ಸೇರಿಸಿಕೊಳ್ಳುವಂತಿಲ್ಲ. 1901ರಿಂದ ಸಂಬಳಕ್ಕೆ ವಾರಕ್ಕೆ 4 ಪೌಂಡಿನ ಮಿತಿ ಬಿತ್ತು. ಕುಶಲ ಕಾರ್ಮಿಕನೊಬ್ಬ ವಾರಕ್ಕೆ ಎರಡು ಪೌಂಡಿನ ಆಸುಪಾಸು ಗಳಿಸುತ್ತಿದ್ದ ಕಾಲದಲ್ಲಿ ಅದು ಅಲ್ಪವೇನಲ್ಲ. ಆದರೆ ಕಾರ್ಮಿಕ ಐವತ್ತು ದಾಟಿದರೂ ದುಡಿಯಬಲ್ಲ. ಆಟಗಾರನ ಕಾಲುಗಳ ಆಯುಸ್ಸು ಹತ್ತು ಹನ್ನೆರಡು ವರ್ಷ.

1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡಲ್ಸ್‌ಬರೊ ಕ್ಲಬ್ 1,000 ಪೌಂಡ್ ತೆತ್ತಿತು. ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆ ಹಣ ಸೇರಿದ್ದು ಸಂಡರ್‌ಲೆಂಡ್ ಕ್ಲಬ್ಬಿಗೆ. ಕಾಮನ್‌ಗೆ ವಾರಕ್ಕೆ ಅದೇ 4 ಪೌಂಡ್. ಹಾಗೆಂದು ಎಲ್ಲವನ್ನೂ ಮಾಲೀಕರೇ ನುಂಗಿದರೆನ್ನುವಂತಿಲ್ಲ. ಷೇರುದಾರರ ಲಾಭಾಂಶಕ್ಕೂ ಅಸೋಸಿಯೇಷನ್ ಮಿತಿ ಹಾಕಿತ್ತು, ನಿರ್ದೇಶಕರಿಗೆ ಸಂಬಳವಿರಲಿಲ್ಲ. ಉಳಿದ ಹಣದ ಬಹುಪಾಲು ಗ್ಯಾಲರಿ ಕಟ್ಟಲು, ಹೊಸ ಆಟಗಾರರನ್ನು ಕೊಳ್ಳಲು ಹೋಗುತ್ತಿತ್ತು. ಇನ್ನಷ್ಟು ಹಣ ಕದ್ದುಮುಚ್ಚಿ ಕೈ ಬದಲಾಗುತ್ತಿತ್ತು. ಮಿತಿ ಮೀರಿ ಸಂಬಳ ಕೊಟ್ಟದ್ದಕ್ಕೆ 1906ರಲ್ಲಿ ಮ್ಯಾಂಚೆಸ್ಟರ್ ಸಿಟಿಯ 17 ಆಟಗಾರರು ಶಿಕ್ಷೆಗೆ ಗುರಿಯಾದರು. ಅವರಲ್ಲೊಬ್ಬರಾದ ಬಿಲ್ಲಿ ಮೆರೆಡಿತ್ ಮರುವರ್ಷವೇ ಆಟಗಾರರ ಸಂಘ ಕಟ್ಟುವಲ್ಲಿ ಮುಂದಾದರು.

ಸಂಘಕ್ಕೆ ಫಲ ಸಿಕ್ಕಿದ್ದು ಅರ್ಧ ಶತಮಾನ ಕಳೆದ ಮೇಲೆ. ಜಿಮ್ಮಿ ಹಿಲ್ ಅವರ ನಾಯಕತ್ವದಲ್ಲಿ ಆಟಗಾರರು ಮುಷ್ಕರಕ್ಕೆ ಸಜ್ಜಾದಾಗ, 1961ರ ಜನವರಿಯಲ್ಲಿ ಸಂಬಳದ ಮಿತಿ ರದ್ದಾಯಿತು. ಅದು ಆಗ 20 ಪೌಂಡ್ ಮುಟ್ಟಿತ್ತು. ಲಂಡನ್ನಿನ ಫುಲಂ ಕ್ಲಬ್ ಜಾನಿ ಹೇನ್ಸ್ ಅವರಿಗೆ ವಾರಕ್ಕೆ 100 ಪೌಂಡ್ ನಿಗದಿ ಮಾಡಿತು. ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ 1963ರಲ್ಲಿ, ಆಟಗಾರನನ್ನು ಹಿಡಿದಿಡುವ ಕಟ್ಟಳೆ ದುಡಿಮೆಯ ಸ್ವಾತಂತ್ರ್ಯಕ್ಕೆ ನ್ಯಾಯವಲ್ಲದ ಅಡ್ಡಿಯೆಂದರು. ಕರಾರು ಮುಗಿದ ಆಟಗಾರನಿಗೆ ಪೂರ್ಣ ಬಿಡುಗಡೆ ದೊರೆತದ್ದು 1995ರ ಡಿಸೆಂಬರಿನಲ್ಲಿ, ಬೆಲ್ಜಿಯಂನ ಬೊಸ್ಮನ್ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ ತೀರ್ಪು ಕೊಟ್ಟಾಗ.

ಆಟಗಾರನಿಗೆ ನ್ಯಾಯ ಸಿಕ್ಕಿತು. ಆದರೆ ಸಣ್ಣ ಊರುಗಳ ಬಗ್ಗೆ ಹಿಂದಿನವರು ಹೇಳಿದ್ದ ಆತಂಕ ಪೂರ್ತಿ ಸುಳ್ಳಾಗಲಿಲ್ಲ. ಪಂದ್ಯದ ಗಳಿಕೆಯಲ್ಲಿ ಅತಿಥಿ ತಂಡಕ್ಕೊಂದು ಪಾಲು ಕೊಡುವ ಪದ್ಧತಿ 1983ರಲ್ಲಿ ನಿಂತಿತು. 1992ರಲ್ಲಿ ಮೇಲ್ದರ್ಜೆಯ ಕ್ಲಬ್ಬುಗಳು ಪ್ರೀಮಿಯರ್ ಲೀಗ್ ಹೆಸರಿನಲ್ಲಿ ಬೇರೆಯಾಗಿ, ಐದು ವರ್ಷಗಳ ಟೆಲಿವಿಷನ್ ಒಪ್ಪಂದವನ್ನು 30 ಕೋಟಿ 40 ಲಕ್ಷ ಪೌಂಡಿಗೆ ಮಾಡಿಕೊಂಡವು. ಗೇಟಿನ ಹಣಕ್ಕಿಂತ ಮನೆಯಲ್ಲಿ ಕುಳಿತು ನೋಡುವವರ ಹಣ ದೊಡ್ಡದಾಗುವ ಕಾಲ ಬಂದಿತ್ತು.

ಮೊದಲ ಲೀಗ್ ಗೆದ್ದ ಪ್ರೆಸ್ಟನ್, ಸಂಬಳದ ಮಿತಿ ರದ್ದಾದ 1961ರಲ್ಲೇ ಮೇಲ್ದರ್ಜೆಯಿಂದ ಕೆಳಗಿಳಿಯಿತು. ಹಿಂದಿನ ವರ್ಷ ಫಿನ್ನಿ ನಿವೃತ್ತರಾಗಿದ್ದುದೂ ಅದಕ್ಕೊಂದು ಕಾರಣ. ಇಳಿದದ್ದು ಮುಂದಿನ 60 ವರ್ಷಗಳಲ್ಲಿ ಒಮ್ಮೆಯೂ ಮೇಲೇರಲಿಲ್ಲ. ಫಿನ್ನಿ 2014ರಲ್ಲಿ ತೀರಿಕೊಂಡರು. ನೀರು ನಿಂತ ಮೈದಾನದಲ್ಲಿ ಚೆಂಡಿನ ಹಿಂದೆ ಜಾರುತ್ತಿರುವ ಅವರ ಪ್ರತಿಮೆ ಪ್ರೆಸ್ಟನ್ನಿನ ಡೀಪ್‌ಡೇಲ್ ಕ್ರೀಡಾಂಗಣದ ಹೊರಗಿದೆ. ಅವರನ್ನು ಊರಿನಲ್ಲೇ ಉಳಿಸಿದ್ದು ಅಭಿಮಾನವೊಂದೇ ಅಲ್ಲ, ಅನ್ಯಾಯದ ಒಂದು ಕಟ್ಟಳೆಯೂ ಹೌದು. ಅಂಥ ಆಟಗಾರನನ್ನು ಅಂಥ ಊರು ಉಳಿಸಿಕೊಳ್ಳಬಲ್ಲ ದಾರಿ ಮಾತ್ರ ಆ ಕಟ್ಟಳೆಯೊಂದಿಗೇ ಮುಚ್ಚಿಹೋಯಿತು.