ದತ್ತು ಸಾಲಿನಲ್ಲಿ ಕೊನೆಗೆ ನಿಲ್ಲುವ ಮಗು

ವೀಕ್ಷಕರೇ, ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಎಂಟು ತಿಂಗಳ ಮಗುವೊಂದು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮಗುವಿಗೆ ಕಿವಿ ಕೇಳಿಸುವುದಿಲ್ಲ. ಈ ಮಗು ಒಂದು ಮನೆ ಸೇರೋದು ಹೇಗೆ?

ಬಾಲನ್ಯಾಯ ಕಾಯ್ದೆ ದಾರಿ ಹೇಳುತ್ತೆ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಸಮಿತಿ ಹೆತ್ತವರಿಗಾಗಿ ಹುಡುಕಿಸುತ್ತದೆ. ಯಾರೂ ಬರದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ 2 ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ 4 ತಿಂಗಳಲ್ಲಿ ದತ್ತುಮುಕ್ತ ಎಂದು ಘೋಷಿಸಬೇಕು. ಅಲ್ಲಿಂದ ಮುಂದೆ ಕೇಂದ್ರದ ದತ್ತು ಪ್ರಾಧಿಕಾರ, ಅಂದರೆ ಕಾರಾ ನಡೆಸುವ ರಾಷ್ಟ್ರೀಯ ಸರದಿ. 60 ದಿನದಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ಸಿಗದಿದ್ದರೆ ಮಗು ವಿದೇಶಿ ದತ್ತುವಿಗೆ ಅರ್ಹ. ಅಂಗವಿಕಲ ಮಕ್ಕಳು, ಒಡಹುಟ್ಟಿದವರು, ಐದು ವರ್ಷ ದಾಟಿದವರಿಗೆ ಇಲ್ಲಿ ಆದ್ಯತೆ ಕೊಡಬಹುದು ಅನ್ನುತ್ತೆ ಕಾನೂನು. ಕೊನೆಯ ಆದೇಶ 2022ರ ಸೆಪ್ಟೆಂಬರ್‌ನಿಂದ ಕೋರ್ಟಿನದ್ದಲ್ಲ, ಜಿಲ್ಲಾಧಿಕಾರಿಯದ್ದು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯವರಿಗೆ ಅಂದರೆ ಹೊಸಪೇಟೆಯ ಕಚೇರಿ.

ಇಷ್ಟೊಂದು ಬಿಗಿ ಯಾಕೆ? ಮಕ್ಕಳನ್ನು ವಿದೇಶಕ್ಕೆ ಕಳಿಸುವುದರಲ್ಲಿ ಅಕ್ರಮ ನಡೀತಿದೆ ಅಂತ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದಿದ್ದರು. 1984ರಲ್ಲಿ ಕೋರ್ಟ್ ಕಟ್ಟುನಿಟ್ಟಿನ ಮಾರ್ಗಸೂಚಿ ಕೊಟ್ಟಿತು. ಭಾರತ 2003ರಲ್ಲಿ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಇವತ್ತು ವಿದೇಶಿ ದಂಪತಿ ನೇರವಾಗಿ ಬಂದು ಮಗು ಒಯ್ಯುವಂತಿಲ್ಲ. ಅವರ ದೇಶದ ಅಧಿಕೃತ ಸಂಸ್ಥೆ ಮನೆ ತನಿಖೆ ಮಾಡಬೇಕು, ಕಾರಾ ನಿರಾಕ್ಷೇಪಣಾ ಪತ್ರ ಕೊಡಬೇಕು, ಮಗು ಹೋದಮೇಲೂ ಎರಡು ವರ್ಷ ವರದಿ ಬರಬೇಕು. ಈ ಬಿಗಿ ಬೇಕೇ ಬೇಕು.

ತಕರಾರು ಎದ್ದದ್ದು ಇನ್ನೊಂದು ನಿಯಮಕ್ಕೆ. ಈಗಾಗಲೇ ಎರಡು ಮಕ್ಕಳಿರುವ ದಂಪತಿ, ಸಂಬಂಧಿಕರ ಮಗು ಅಥವಾ ಮಲಮಗುವಿನ ದತ್ತು ಬಿಟ್ಟರೆ, ವಿಶೇಷ ಅಗತ್ಯವುಳ್ಳ ಅಥವಾ ಯಾರೂ ಒಯ್ಯದೆ ಉಳಿದ ಮಗುವನ್ನು ಮಾತ್ರ ದತ್ತು ಪಡೆಯಬಹುದು ಎಂದಿತು 2022ರ ನಿಯಮಾವಳಿ. ಮೊದಲು ಈ ಮಿತಿ ಮೂರು ಮಕ್ಕಳಿದ್ದವರಿಗೆ ಇತ್ತು. ಹಳೆಯ ನಿಯಮವಿದ್ದಾಗಲೇ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದವರಿಗೂ ಹೊಸದು ಅನ್ವಯಿಸಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು. 2024ರ ಫೆಬ್ರವರಿಯಲ್ಲಿ ಕೋರ್ಟ್ ಸರ್ಕಾರದ ಪರ ನಿಂತಿತು. ಇಂಥದ್ದೇ ಮಗು ಬೇಕು ಅಂತ ಕೇಳುವುದು ಪೋಷಕರ ಮೂಲಭೂತ ಹಕ್ಕಲ್ಲ ಎಂದಿತು.

ಆ ಮಾತು ಸರಿ. ಮಗು ಅಂಗಡಿಯ ಸಾಮಾನಲ್ಲ. ಮಕ್ಕಳೇ ಇಲ್ಲದ ಎಷ್ಟೋ ಮಂದಿ ಕಾಯುತ್ತಿರುವಾಗ ಅವರಿಗೆ ಮೊದಲು ಅನ್ನೋದೂ ನ್ಯಾಯವೇ. ಆದರೆ ನಿಯಮವನ್ನು ಕೊಟ್ಟೂರಿನ ಆ ಮಗುವಿನ ಕಡೆಯಿಂದ ಒಮ್ಮೆ ನೋಡಿ. ಬೇರೆ ಬಾಗಿಲು ಮುಚ್ಚಿತು ಅಂತ ಈ ಬಾಗಿಲಿಗೆ ಬಂದವರು, ಈ ಮಗುವೇ ಬೇಕು ಅಂತ ಬಂದವರು, ಇಬ್ಬರೂ ಒಂದೇನಾ? ಪೋಷಕರಿಗೆ ಆಯ್ಕೆ ಇಲ್ಲ ಅನ್ನುವ ನಿಯಮವೇ ಈ ಮಗುವನ್ನು ಮಿಕ್ಕಿದವರ ಪಾಲು ಅಂತ ವಿಂಗಡಿಸಿದರೆ ಹೇಗೆ?

ಇನ್ನೊಂದು ಲೆಕ್ಕ ಇದೆ. ಕಿವಿ ಕೇಳದ ಮಗುವಿಗೆ ಮೊದಲ ಎರಡು ಮೂರು ವರ್ಷದೊಳಗೆ ಶ್ರವಣ ಸಾಧನ, ಭಾಷೆಯ ತರಬೇತಿ ಸಿಗಬೇಕು. ಸಮಿತಿಯ ಘೋಷಣೆಗೆ ಎರಡು ತಿಂಗಳು, ಸರದಿಗೆ ಎರಡು ತಿಂಗಳು, ಜಿಲ್ಲಾಧಿಕಾರಿ ಆದೇಶಕ್ಕೆ ಎರಡು ತಿಂಗಳು. ಎಲ್ಲವೂ ಗಡುವಿನೊಳಗೇ ಮುಗಿದರೂ ಅರ್ಧ ವರ್ಷ ಹೋಯಿತು. ಪೋಷಕರು ಸಿಗದಿದ್ದರೆ ಇನ್ನೂ ಹೆಚ್ಚು.

ಹಾಗಂತ ತನಿಖೆ ಕೈಬಿಡಿ ಅಂತ ನಾನು ಹೇಳ್ತಿಲ್ಲ. ಕಾಗದ ಓಡಾಡುವಾಗ ಚಿಕಿತ್ಸೆ ನಿಲ್ಲಬಾರದು, ಅಷ್ಟೇ. ಮಗು ಸಿಕ್ಕ ವಾರವೇ ತಪಾಸಣೆ ಆಗಲಿ, ತರಬೇತಿ ಶುರುವಾಗಲಿ. ಇಂಥ ಮಗುವನ್ನು ತಾವಾಗಿಯೇ ಒಪ್ಪಿಕೊಂಡ ಮನೆಗೆ, ಅದು ಹರಪನಹಳ್ಳಿಯಲ್ಲಿರಲಿ, ಹಾಲೆಂಡಿನಲ್ಲಿರಲಿ, ಮಗುವಿನ ಆರೋಗ್ಯದ ನಿಜವಾದ ಚಿತ್ರ ಕೊಡಿ. ಊರಲ್ಲೇ ಸಾಕುವವರ ಬೆನ್ನಿಗೆ ಚಿಕಿತ್ಸೆಯ ಖರ್ಚಿನಲ್ಲಿ ಸರ್ಕಾರ ನಿಲ್ಲಲಿ. ಕೋರ್ಟು ಪೋಷಕರಿಗೆ ಹಠ ಬಿಡಿ ಅಂದಿದೆ. ಕಾಯುವ ಮಗುವಿನ ಹೊಣೆ ಹೊರುವ ಸರದಿ ಈಗ ಸರ್ಕಾರದ್ದು.