ಫೀಸು ಕೇಳದ ವಕಾಲತ್ತು

ಚಿತ್ರದುರ್ಗದ ಸೀಮೆಗೆ ಬರ ಹೊಸತಲ್ಲ. ಬರಕ್ಕೆ ಸಿಕ್ಕವನಿಗೆ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಎಂದು ಕಾಯ್ದೆಯಲ್ಲಿ ಬರೆದಿದೆ ಎಂದರೆ ಮಾತ್ರ ಇಲ್ಲಿನ ಬಹಳ ಜನ ಹುಬ್ಬೇರಿಸುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಉಚಿತ ನೆರವಿಗೆ ಅರ್ಹರಾದವರ ಪಟ್ಟಿ ಕೊಡುತ್ತದೆ. ಅದರಲ್ಲಿ ಪ್ರವಾಹ, ಭೂಕಂಪ, ಜಾತಿ ದೌರ್ಜನ್ಯಗಳ ಪಕ್ಕದಲ್ಲೇ ಬರವೂ ಕೂತಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಮೇವಿನ ಮಾತಾಯಿತು, ಟ್ಯಾಂಕರ್ ನೀರಿನ ಮಾತಾಯಿತು, ಪರಿಹಾರದ ಹಣಕ್ಕಾಗಿ ದಿಲ್ಲಿ-ಬೆಂಗಳೂರು ಜಗ್ಗಾಟವೂ ಆಯಿತು. ಸಾಲದ ನೋಟಿಸು ಕೈಯಲ್ಲಿ ಹಿಡಿದು ಕೂತ ರೈತನಿಗೆ ವಕೀಲರನ್ನು ಕೊಡಿಸುವ ಮಾತನ್ನು ಯಾರಾದರೂ ಗಟ್ಟಿಯಾಗಿ ಆಡಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ಆ ಪಟ್ಟಿಯ ಉಳಿದ ಸಾಲುಗಳೂ ಜನ ಎಣಿಸಿದ್ದಕ್ಕಿಂತ ಉದಾರವಾಗಿವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೀತಕ್ಕೆ ಅಥವಾ ಮಾನವ ಸಾಗಣೆಗೆ ಸಿಕ್ಕವರು, ಬಂಧನದಲ್ಲಿರುವವರು ಎಲ್ಲರೂ ಅರ್ಹರು. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಾತ್ರ ರಾಜ್ಯದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ. ಹೊಳಲ್ಕೆರೆಯ ಅಡಿಕೆ ತೋಟದ ಮನೆಯ ಮಗಳು ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹೂಡಬೇಕಾದರೂ ಆಕೆಗೆ ಉಚಿತ ವಕೀಲರು ಸಿಗಬೇಕು. ತೋಟ ಎಷ್ಟು ಎಕರೆ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ಅದು ಸರಿಯಾಗಿಯೇ ಇದೆ. ಪಹಣಿ ಯಾರ ಹೆಸರಿಗಿದೆ, ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಬೇರೆ ಬೇರೆ ಸಂಗತಿ ಎಂದು ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಈ ವ್ಯವಸ್ಥೆಯ ಬೇರು 1970ರ ದಶಕದ್ದು. ನ್ಯಾಯಮೂರ್ತಿಗಳಾದ ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಭಗವತಿ ಅವರ ವರದಿಗಳು, 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 39ಎ ವಿಧಿ, 1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿಯನ್ನು ಬಯಲಿಗೆಳೆದ ಹುಸ್ಸೇನಾರಾ ಖಾತೂನ್ ತೀರ್ಪು ಇವೆಲ್ಲ ಸೇರಿ 1987ರ ಕಾಯ್ದೆಯಾಯಿತು. ಅದು ಜಾರಿಗೆ ಬಂದದ್ದು ಮಾತ್ರ ಎಂಟು ವರ್ಷ ತಡವಾಗಿ, 1995ರ ನವೆಂಬರ್ 9ರಂದು. ಇಂದು ರಾಷ್ಟ್ರ ಮಟ್ಟದಲ್ಲಿ ನಾಲ್ಸಾ ಎಂಬ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಬೆಂಗಳೂರಿನ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರ, ಚಿತ್ರದುರ್ಗದಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಕೇಂದ್ರಗಳಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರೇ ಮುಖ್ಯಸ್ಥರಾಗಿರುವ ಕಾನೂನು ಸೇವಾ ಸಮಿತಿಗಳಿವೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟರೂ ನಡೆಯುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. 15100 ಎಂಬ ಸಹಾಯವಾಣಿಯೂ ಇದೆ. ಅರ್ಜಿ ತಿರಸ್ಕೃತವಾದರೆ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ಪ್ರಾಧಿಕಾರದ ಪ್ಯಾನಲ್‌ನಲ್ಲಿರುವ ಇಂಥ ವಕೀಲರೇ ಬೇಕೆಂದು ಕೇಳಿಕೊಳ್ಳಲೂ ಅವಕಾಶವಿದೆ. ಅದನ್ನು ಕೇಳುವವರು ಬಲು ಕಡಿಮೆ.

ಪ್ಯಾನಲ್ ವಕೀಲರೆಂದರೆ ಊರಿನ ಬಾರ್‌ನಲ್ಲೇ ದಿನವೂ ವಕಾಲತ್ತು ಮಾಡುವವರು. ಸಾಮಾನ್ಯವಾಗಿ ಕನಿಷ್ಠ ಮೂರು ವರ್ಷ ಕೋರ್ಟ್ ಮೆಟ್ಟಿಲು ಹತ್ತಿಳಿದಿರಬೇಕು. ತಮ್ಮ ಸ್ವಂತ ಕೇಸುಗಳ ನಡುವೆ ಪ್ರಾಧಿಕಾರ ವಹಿಸಿದ ಕೇಸನ್ನೂ ನಡೆಸುತ್ತಾರೆ. ಕಕ್ಷಿದಾರರಿಂದ ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ. ಕೋರ್ಟ್ ಶುಲ್ಕ, ಸಮನ್ಸಿನ ಖರ್ಚು, ನಕಲು ಪ್ರತಿಗಳ ಖರ್ಚು ಎಲ್ಲ ಪ್ರಾಧಿಕಾರದ್ದು. ವಕೀಲರಿಗೆ ಗೌರವಧನ ಹಂತಹಂತವಾಗಿ, ಬಿಲ್ಲು ಸಲ್ಲಿಸಿದ ಮೇಲೆ ಸಿಗುತ್ತದೆ. ಹೊರಗಿನ ಫೀಸಿನ ಮುಂದೆ ಅದು ಅಲ್ಪ. ಹೀಗಾಗಿ 'ಪುಕ್ಕಟೆ ವಕೀಲ ಪುಕ್ಕಟೆಯಾಗಿಯೇ ವಾದ ಮಾಡ್ತಾನೆ' ಎಂಬ ಅನುಮಾನ ಬಸ್ ನಿಲ್ದಾಣದಿಂದಲೇ ಕಕ್ಷಿದಾರರ ಜೊತೆ ಬರುತ್ತದೆ. ಆ ಅನುಮಾನ ಪೂರ್ತಿ ಸುಳ್ಳು ಎನ್ನಲಾರೆ. ಫೈಲು ಬಿಚ್ಚದೆಯೇ ವಾಯಿದೆ ಕೇಳುವವರು ಎಲ್ಲ ಬಾರ್‌ಗಳಲ್ಲೂ ಇದ್ದಾರೆ, ಫೀಸು ತೆಗೆದುಕೊಂಡವರಲ್ಲೂ ಇದ್ದಾರೆ.

ಈ ಕೆಲಸದ ಕಸುಬುದಾರಿಕೆ ಕಾಣುವುದು ವಾದ ಮಂಡನೆಯಲ್ಲಲ್ಲ, ಅದಕ್ಕೂ ಮೊದಲು. ಹೊಸದುರ್ಗದ ಕಡೆಯ ಹೆಣ್ಣುಮಗಳೊಬ್ಬಳು ಗಂಡ ಬಿಟ್ಟುಹೋದ ಕಥೆ ಹೇಳಲು ಕೂತಳು ಎಂದುಕೊಳ್ಳಿ. ಅವಳು ಮದುವೆಯ ದಿಬ್ಬಣದಿಂದ ಶುರು ಮಾಡುತ್ತಾಳೆ. ಕೋರ್ಟಿಗೆ ಬೇಕಾದ್ದು ಗಂಡ ಎಲ್ಲಿ ದುಡಿಯುತ್ತಾನೆ, ತೆಂಗಿನ ತೋಟದಲ್ಲಿ ಅವನ ಪಾಲೆಷ್ಟು, ಬೋರ್‌ವೆಲ್ ಇದೆಯೇ, ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆಯೇ ಎಂಬುದು. ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಆದ್ದರಿಂದ ಅರ್ಜಿ ಒಂದು ತಿಂಗಳು ತಡವಾದರೆ ಒಂದು ತಿಂಗಳ ಅಕ್ಕಿ-ಬೇಳೆ ಹೋದಂತೆ. ಒಳ್ಳೆಯ ವಕೀಲರು ಕಥೆಯನ್ನು ಅರ್ಧಕ್ಕೆ ತಡೆಯುವುದಿಲ್ಲ, ಆದರೆ ಅದರೊಳಗಿಂದ ಸರ್ವೆ ನಂಬರನ್ನು ಹೆಕ್ಕಿಕೊಳ್ಳುತ್ತಾರೆ.

ಕ್ರಿಮಿನಲ್ ಕಡೆ ಇನ್ನೂ ಬಿಗಿ. ಬಂಧಿತನಿಗೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ನಿಂತಾಗಲೇ ವಕೀಲರು ಬೇಕು. ಈ ನೆರವನ್ನು ಅವನು ಕೇಳದಿದ್ದರೂ ಕೊಡಬೇಕೆಂಬುದು 1986ರ ಸುಖ್ ದಾಸ್ ತೀರ್ಪಿನಿಂದ ಇತ್ಯರ್ಥವಾದ ಮಾತು. ನಾಲ್ಸಾ 2022ರಲ್ಲಿ ರೂಪಿಸಿದ ರಕ್ಷಣಾ ವಕೀಲರ ಯೋಜನೆ ಇಲ್ಲಿ ಲೆಕ್ಕ ಬದಲಿಸಿತು. ಮುಖ್ಯ, ಉಪ, ಸಹಾಯಕ ಎಂದು ಪೂರ್ಣಾವಧಿಯ ವಕೀಲರು ಆರೋಪಿಗಳ ಪರ ಕ್ರಿಮಿನಲ್ ಕೇಸುಗಳನ್ನಷ್ಟೇ ನೋಡುತ್ತಾರೆ, ಖಾಸಗಿ ಕೇಸು ಹಿಡಿಯುವಂತಿಲ್ಲ. ಮುಖ್ಯ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಕ್ರಿಮಿನಲ್ ಅನುಭವ ಬೇಕು. ಸರ್ಕಾರದ ಕಡೆಗೆ ಸಂಬಳದ ಅಭಿಯೋಜಕರು ಇರುವಾಗ ಆರೋಪಿಯ ಕಡೆಗೆ ಬಿಡುವಿದ್ದವರು ಎಂಬ ಹಳೆಯ ಪದ್ಧತಿಗೆ ಇದು ತಕ್ಕ ಉತ್ತರ ಎಂದೇ ನನ್ನ ಭಾವನೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಸಾಧ್ಯತೆಯಿರುವ ಕೇಸುಗಳಿಗೆ ಹತ್ತು ವರ್ಷದ ಅನುಭವಿಗಳನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2019ರ ಅನೋಖಿಲಾಲ್ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದೇ ಹಳೆಯ ಪದ್ಧತಿಯ ಸ್ಥಿತಿಯನ್ನು ತಿಳಿಸುತ್ತದೆ.

ಜಾಮೀನು ಮಂಜೂರಾಯಿತು ಎಂದು ಮನೆಯವರಿಗೆ ಫೋನು ಮಾಡಿದರೆ ಕೆಲಸ ಮುಗಿಯಲಿಲ್ಲ. ಜಾಮೀನುದಾರ ಬೇಕು. ಅವನ ಕೈಯಲ್ಲಿ ಪಹಣಿ ಬೇಕು, ಆ ಪಹಣಿಯ ಮೇಲೆ ಬೇರೆ ಹೊರೆ ಇರಬಾರದು. ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಕೂಲಿಯವನ ನೆಂಟರೂ ಕೂಲಿಯವರೇ. ಜಮೀನಿದ್ದವನು ಊರ ಗೌಡನ ಮುಖ ನೋಡಿಯೇ ರುಜು ಹಾಕುವವನು. ಆದೇಶ ಕಡತದಲ್ಲಿ, ಮನುಷ್ಯ ಜೈಲಿನಲ್ಲಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೆ ಒಂದಷ್ಟು ನಿರ್ದೇಶನ ಕೊಟ್ಟಿತು. ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ಯೋಜನೆ ತಂದು ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವನ ದಂಡಕ್ಕೆ 25,000ದವರೆಗೆ ಕೊಡಲು ಅವಕಾಶ ಮಾಡಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ ಹಿಂದೆ ಎಂದೂ ಶಿಕ್ಷೆಗೊಳಗಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು, ಬೇರೆ ಕೇಸುಗಳೂ ಬಾಕಿ ಇರಬಾರದು. ಈ ಲೆಕ್ಕ ಹಾಕುವವರು ಯಾರು? ಜೈಲಿಗೆ ಭೇಟಿ ಕೊಡುವ ವಕೀಲರು. ಅವರ ನೋಟ್‌ಬುಕ್ಕಿನಲ್ಲಿ ಕಾನೂನಿಗಿಂತ ತಾರೀಖುಗಳೇ ಹೆಚ್ಚು.

ಹಿರಿಯೂರಿನ ಕೇಸುಗಳಿಗೆ ಹೆದ್ದಾರಿಯ ವಾಸನೆ ಇದೆ. ಬೆಂಗಳೂರು–ಪುಣೆ ರಸ್ತೆ ಮತ್ತು ಚಳ್ಳಕೆರೆ–ಹುಳಿಯಾರು ಕಡೆಯ ರಸ್ತೆ ಇಲ್ಲೇ ಕೂಡುತ್ತವೆ. ಅಪಘಾತವಾದ ಮನೆಗೆ ಮೊದಲು ಬರುವವನು ಹಲವು ಸಲ ದಲ್ಲಾಳಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂಬ ಕರಾರಿಗೆ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಹಾಗೆ ಫಲದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಸತ್ತವನ ಹೆಂಡತಿಗೆ, ಮಕ್ಕಳಿಗೆ ಸೇವಾ ಸಮಿತಿಯ ವಕೀಲರು ಹಕ್ಕಾಗಿಯೇ ಸಿಗುತ್ತಾರೆ ಎಂಬುದು ಆಕೆಗೆ ತಿಳಿಯುವಷ್ಟರಲ್ಲಿ ಹಾಳೆ ದಲ್ಲಾಳಿಯ ಚೀಲ ಸೇರಿರುತ್ತದೆ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಏನೇ ಇರಲಿ, ತಿಥಿ ಮುಗಿದ ಮೇಲೆ ನೋಡೋಣ ಎನ್ನುವ ಮನೆಗಳಿಗೆ ಆರು ತಿಂಗಳು ದೊಡ್ಡದಲ್ಲ.

ಕೋರ್ಟ್ ಎಂದರೆ ಕರಿಕೋಟಿನ ಕೋರ್ಟ್ ಮಾತ್ರ ಎಂದು ತಿಳಿಯಬೇಕಿಲ್ಲ. ಕಂದಾಯ ನ್ಯಾಯಾಲಯ, ನ್ಯಾಯಮಂಡಳಿಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ದಲಿತರಿಗೆ ಮಂಜೂರಾದ ಜಮೀನು ಅಕ್ರಮವಾಗಿ ಪರಭಾರೆಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ನಡೆಯುವ ವಿಚಾರಣೆಗೂ ಉಚಿತ ವಕೀಲರನ್ನು ಕೇಳಬಹುದು. ಇಂಥ ಅರ್ಜಿ ತಡವಾಯಿತು ಎಂದು ತಳ್ಳಿಹಾಕುವುದನ್ನು ತಡೆಯಲು ರಾಜ್ಯ 2023ರಲ್ಲಿ ತಿದ್ದುಪಡಿಯನ್ನೂ ತಂದಿದೆ.

ಅರಿವಿನ ಶಿಬಿರಗಳ ಬಗ್ಗೆ ನನಗೆ ಎರಡು ಮನಸ್ಸು. ಶಾಲೆಯ ಸಭಾಂಗಣದಲ್ಲಿ ಫ್ಲೆಕ್ಸ್ ಕಟ್ಟಿ, ಗಿಡಕ್ಕೆ ನೀರು ಹಾಕಿ, ಬಾಲ್ಯವಿವಾಹದ ಮೇಲೆ ಭಾಷಣ ಮಾಡಿ ಮರಳಿದರೆ ಪತ್ರಿಕೆಗೆ ಸುದ್ದಿಯಾಗುತ್ತದೆ, ಅಷ್ಟೆ. ಕಾಡುಗೊಲ್ಲರ ಹಟ್ಟಿಗೆ ಹೋಗಿ, ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ ಎಂದು ಹೇಳುವುದು ಬೇರೆ. ಅಲ್ಲಿ ಹೊರಗಿನ ವಕೀಲರ ಮಾತಿಗಿಂತ ಅದೇ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ ಅರೆಕಾನೂನು ಸ್ವಯಂಸೇವಕಿಯಾಗಿದ್ದರೆ ಆಕೆಯ ಮಾತು ನಾಟುತ್ತದೆ. 2009ರಲ್ಲಿ ನಾಲ್ಸಾ ತಂದ ಈ ಸ್ವಯಂಸೇವಕರ ಯೋಜನೆಯೇ ಇಡೀ ವ್ಯವಸ್ಥೆಯ ಕೈಕಾಲು. ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜಿನಂಥ ಕಡೆಯ ವಿದ್ಯಾರ್ಥಿಗಳೂ ಇಲ್ಲಿ ಪಳಗಬಹುದು.

ಇನ್ನು ಲೋಕ ಅದಾಲತ್. 1982ರಲ್ಲಿ ಗುಜರಾತಿನ ಊನಾದಲ್ಲಿ ಶುರುವಾದ ಈ ಪ್ರಯೋಗ ಈಗ ರಾಷ್ಟ್ರೀಯ ಲೋಕ ಅದಾಲತ್ ಆಗಿ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಚೆಕ್ ಬೌನ್ಸ್, ವಿಮೆ, ಬ್ಯಾಂಕ್ ಸಾಲಗಳಿಗೆ ಇದು ನಿಜಕ್ಕೂ ವರ. ಕೋರ್ಟ್ ಶುಲ್ಕ ವಾಪಸು, ರಾಜಿಗೆ ಡಿಕ್ರಿಯ ಬಲ, ಮೇಲ್ಮನವಿಯ ಅಲೆದಾಟವಿಲ್ಲ. ಆ ಮೇಲ್ಮನವಿ ಇಲ್ಲ ಎಂಬುದೇ ಎರಡು ಬಾಯಿಯ ಕತ್ತಿ. ಇಲ್ಲಿ ತೀರ್ಪು ಕೊಡುವಂತಿಲ್ಲ, ಒಪ್ಪಿದ್ದನ್ನು ದಾಖಲಿಸಬೇಕಷ್ಟೆ ಎಂದು 2008ರ ಜಲೌರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಇತ್ಯರ್ಥವಾದ ಕೇಸುಗಳ ಸಂಖ್ಯೆ ಮರುದಿನ ಪತ್ರಿಕೆಯಲ್ಲಿ ಬರಬೇಕಾದಾಗ ರಾಜಿಗೆ ಅವಸರ ಹುಟ್ಟುತ್ತದೆ. ಹಾರ ಬದಲಿಸಿಕೊಂಡು ಮತ್ತೆ ಒಂದಾದ ದಂಪತಿಯ ಫೋಟೊ ಪ್ರತಿ ಅದಾಲತ್ತಿನ ಮರುದಿನ ಬರುತ್ತದೆ. ಮೂರು ತಿಂಗಳ ನಂತರ ಆ ಮನೆಗೆ ಹೋಗಿ ಬಂದ ವರದಿ ನಾನು ಓದಿಲ್ಲ. ಹೆಣ್ಣಿಗೆ ಪೆಟ್ಟು ಬಿದ್ದ ಕೇಸಿನಲ್ಲಿ 'ಇವತ್ತು ರಾಜಿ ಬೇಡಮ್ಮ' ಎಂದು ತಮ್ಮ ಕಕ್ಷಿದಾರಳ ಕಿವಿಯಲ್ಲಿ ಹೇಳುವ ವಕೀಲರೇ ಅಲ್ಲಿ ನಿಜವಾಗಿ ಕಾನೂನು ನೆರವು ಕೊಡುವವರು.

ಕೆಳಗಿನ ಕೋರ್ಟಿನಲ್ಲಿ ಸೋತರೆ ನೆರವು ನಿಲ್ಲುವುದಿಲ್ಲ. ಕಾಗದಗಳು ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗುತ್ತವೆ. ಚಿತ್ರದುರ್ಗ ಜಿಲ್ಲೆಗೆ ಅದು ಬೆಂಗಳೂರಿನ ಪ್ರಧಾನ ಪೀಠ. ಅಲ್ಲಿ ಹೊಸ ವಕೀಲರ ನೇಮಕವಾಗುತ್ತದೆ. ಅವರ ಮುಖವನ್ನು ಹೊಸದುರ್ಗದ ಕಕ್ಷಿದಾರ ಬಹುಶಃ ನೋಡುವುದೇ ಇಲ್ಲ, ಹೆಸರು ನಾಲಿಗೆಗೆ ಹತ್ತುವುದಿಲ್ಲ. 'ನಮ್ಮ ಕೇಸು ಎಲ್ಲಿಗೆ ಬಂತು ಸಾರ್' ಎಂಬ ಫೋನು ಮಾತ್ರ ಊರಿನ ಹಳೆಯ ವಕೀಲರಿಗೇ ಬರುತ್ತದೆ. ಅವರು ಆ ಕೇಸಿನ ಕೊನೆಯ ಬಿಲ್ಲನ್ನು ಸಲ್ಲಿಸಿ ಎಷ್ಟೋ ಕಾಲವಾಗಿರುತ್ತದೆ. ಆದರೂ ಮೊಬೈಲಿನಲ್ಲಿ ಹೈಕೋರ್ಟಿನ ಜಾಲತಾಣ ತೆರೆದು, ಕೇಸ್ ನಂಬರ್ ಒತ್ತಿ, ಮುಂದಿನ ತಾರೀಖು ಓದಿ ಹೇಳುತ್ತಾರೆ.