ಕೀಲಿಮಣೆ ಕೊಳ್ಳುವ ಮುನ್ನ ಮಣಿಕಟ್ಟಿನತ್ತ ನೋಡಿ

"ನೋಡಿ ಡಾಕ್ಟ್ರೇ, ಹಗಲೆಲ್ಲ ಆಫೀಸಿನ ಕೆಲಸ, ರಾತ್ರಿಯಾದರೆ ಕಂಪ್ಯೂಟರ್ ಆಟ. ಈಗ ಬೆರಳು ಜೋಮು ಹಿಡಿಯುತ್ತೆ ಅಂತಾನೆ. ಹತ್ತು ಸಾವಿರದ ಕೀಬೋರ್ಡ್ ತಂದರೆ ಎಲ್ಲ ಸರಿಹೋಗುತ್ತದಂತೆ!" ಮಗನನ್ನು ಕರೆತಂದ ತಾಯಿಯ ದೂರು ಇದು. ಆಕೆ ನಿವೃತ್ತ ಬೆರಳಚ್ಚುಗಾರ್ತಿ. "ನಾವು ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದೆವು, ನಮಗೇನೂ ಆಗಲಿಲ್ಲವಲ್ಲ?" ಎಂದೂ ಕೇಳಿದರು.

ಪ್ರಶ್ನೆ ಒಳ್ಳೆಯದೇ. ಟೈಪ್‌ರೈಟರಿನ ಕೀಲಿ ಗಟ್ಟಿ, ನಿಜ. ಆದರೆ ಪ್ರತಿ ಸಾಲಿನ ಕೊನೆಗೆ ಕೈಯೆತ್ತಿ ಉರುಳೆಯನ್ನು ಹಿಂದಕ್ಕೆ ತಳ್ಳಬೇಕಿತ್ತು. ಪುಟ ಮುಗಿದರೆ ಕಾಗದ ಬದಲಿಸಬೇಕಿತ್ತು. ಕೈಗೆ ತಾನಾಗಿಯೇ ಬಿಡುವು ಸಿಗುತ್ತಿತ್ತು. ಇಂದಿನ ಕೀಲಿಮಣೆ ಹಗುರ, ಬಿಡುವು ಮಾತ್ರ ಇಲ್ಲ.

ಇನ್ನು ಮಗ ಕೇಳಿದ 'ಮೆಕ್ಯಾನಿಕಲ್' ಕೀಲಿಮಣೆಯ ವಿಷಯ. ಸಾಮಾನ್ಯ ಅಗ್ಗದ ಕೀಲಿಮಣೆಗಳಲ್ಲಿ ಎಲ್ಲ ಕೀಲಿಗಳ ಕೆಳಗೂ ರಬ್ಬರಿನ ಹಾಳೆ ಇರುತ್ತದೆ. ಕೀಲಿಯನ್ನು ತಳದವರೆಗೆ ಒತ್ತಿದರಷ್ಟೇ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್‌ನಲ್ಲಿ ಒಂದೊಂದು ಕೀಲಿಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್ಚು. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚನ್ನೇ ನೋಡಿ. ಕೀಲಿ ಒಟ್ಟು 4 ಮಿ.ಮೀ. ಇಳಿಯುತ್ತದೆ, ಆದರೆ 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡಿಯಾಯಿತು. ಇಲ್ಲಿ ಬೆರಳಿಗೆ ಸಿಗುವ ಲಾಭ ಇದೇ. ಹಳೆಯ ಅಭ್ಯಾಸದಂತೆ ತಳಕ್ಕೆ ಕುಟ್ಟುತ್ತಲೇ ಇದ್ದರೆ ಆ ಲಾಭವೂ ಇಲ್ಲ, ಕೊಟ್ಟ ದುಡ್ಡೂ ದಂಡ.

ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಕೆಂಪು ಬಣ್ಣದ್ದು ಸುಮಾರು 45 ಗ್ರಾಂ ಒತ್ತಡಕ್ಕೆ ನುಣ್ಣಗೆ ಇಳಿಯುತ್ತದೆ, ಆಟವಾಡುವವರಿಗೆ ಇಷ್ಟ. ಕಂದು ಬಣ್ಣದ್ದರಲ್ಲಿ ಅಕ್ಷರ ಮೂಡುವ ಜಾಗದಲ್ಲಿ ಬೆರಳಿಗೆ ಸಣ್ಣ ತಡೆ ತಿಳಿಯುತ್ತದೆ. ಟೈಪು ಮಾಡುವವರಿಗೆ, ಎರಡೂ ಕೆಲಸ ಇರುವವರಿಗೆ ಹೊಂದುತ್ತದೆ. ನೀಲಿಯದಕ್ಕೆ ಸುಮಾರು 60 ಗ್ರಾಂ ಬೇಕು, ಮೇಲಾಗಿ ಟಿಕ್ ಟಿಕ್ ಸದ್ದು. ಒಂದೇ ಕೋಣೆಯಲ್ಲಿ ಅಜ್ಜಿಯೋ ಹಸುಗೂಸೋ ಮಲಗುವ ಮನೆಗೆ ಇದು ಬೇಡ. 1.2 ಮಿ.ಮೀ.ಗೇ ಸ್ಪಂದಿಸುವ ವೇಗದ ಸ್ವಿಚ್ಚುಗಳೂ ಇವೆ. ಆಟಕ್ಕೆ ಸರಿ, ಆದರೆ ಬೆರಳು ತಾಗಿದರೂ ಅಕ್ಷರ ಬೀಳುವುದರಿಂದ ಬರೆಯುವವರು ತಿದ್ದುವುದರಲ್ಲೇ ಸುಸ್ತಾಗುತ್ತಾರೆ.

ಕನ್ನಡದಲ್ಲಿ ಟೈಪು ಮಾಡುವವರಿಗೊಂದು ಮಾತು. ನುಡಿಯ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಕೀಲಿ ಬೇಕು. ಆ ಭಾರವೆಲ್ಲ ಬೀಳುವುದು ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿನ ಮೇಲೆ. ಆದ್ದರಿಂದ ಹಗುರ ಸ್ವಿಚ್ಚನ್ನೇ ಆರಿಸಿ; ಅಕ್ಷರ ಒತ್ತುವ ಕೈಯಿಂದಲ್ಲ, ಇನ್ನೊಂದು ಕೈಯಿಂದ ಶಿಫ್ಟ್ ಒತ್ತಿ.

ಬಣ್ಣಬಣ್ಣದ ದೀಪಗಳಿಗೆ ಮರುಳಾಗುವ ಮೊದಲು ಎತ್ತರ ನೋಡಿ. ಮೆಕ್ಯಾನಿಕಲ್ ಕೀಲಿಮಣೆಗಳು ಸಾಮಾನ್ಯವಾಗಿ ದಪ್ಪ. ಹಿಂಬದಿಯ ಮಡಚುಕಾಲುಗಳನ್ನು ಎತ್ತಿದರಂತೂ ಮಣಿಕಟ್ಟು ಮೇಲಕ್ಕೆ ಬಾಗಿ, ಅದರೊಳಗಿನ ಕಿರಿದಾದ ಸುರಂಗದಲ್ಲಿ ಹಾಯುವ ಮೀಡಿಯನ್ ನರದ ಮೇಲೆ ಒತ್ತಡ ಹೆಚ್ಚುತ್ತದೆ. ಕಾಲುಗಳನ್ನು ಮಡಚಿಯೇ ಇಡಿ. ಮೊಣಕೈ ಹೆಚ್ಚುಕಡಿಮೆ ಕೀಲಿಗಳ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿ, ಪಾದ ನೇತಾಡಿದರೆ ಕೆಳಗೊಂದು ಮಣೆ ಹಾಕಿಕೊಳ್ಳಿ. ಮೆತ್ತೆ ಇರುವುದು ಬಿಡುವಿನಲ್ಲಿ ಅಂಗೈ ಊರಲು. ಮಣಿಕಟ್ಟನ್ನು ಅದಕ್ಕೊತ್ತಿಕೊಂಡೇ ಟೈಪು ಮಾಡಲಲ್ಲ.

ನನ್ನನ್ನು ಕೇಳಿದರೆ, ಬಲಬದಿಯ ಅಂಕಿಗಳ ಪಟ್ಟಿ ಇಲ್ಲದ 87 ಕೀಲಿಗಳದನ್ನು ಕೊಳ್ಳಿ ಎನ್ನುತ್ತೇನೆ. ಲೆಕ್ಕಪತ್ರದವರಿಗೆ ಇದು ಒಗ್ಗದು. ಉಳಿದವರಿಗೆ ಮೌಸ್ ಅಂಗೈಯಗಲ ಹತ್ತಿರ ಬಂದು, ಭುಜ ಹೊರಕ್ಕೆ ಚಾಚುವುದು ತಪ್ಪುತ್ತದೆ. ಮೌಸ್ ಸಣ್ಣ ವಿಷಯವಲ್ಲ. 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಸುಮಾರು 7 ಸಾವಿರ ನೌಕರರನ್ನು ಒಂದು ವರ್ಷ ಗಮನಿಸಿತು. ಈ ನರದ ತೊಂದರೆಯ ಲಕ್ಷಣಗಳಿಗೆ ವಾರಕ್ಕೆ 20 ಗಂಟೆ ಮೀರಿದ ಮೌಸ್ ಬಳಕೆಯೊಡನೆ ನಂಟು ಕಂಡಿತು, ಕೀಲಿಮಣೆಯೊಡನೆ ಕಾಣಲಿಲ್ಲ.

ಹಾಗಾಗಿ ಆ ಯುವಕನಿಗೆ ಕೀಲಿಮಣೆಯ ಚೀಟಿ ಬರೆದುಕೊಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು, ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವುದು, ಹಿಡಿದ ಲೋಟ ಜಾರುವುದು ಇದ್ದರೆ ಮೊದಲು ಪರೀಕ್ಷೆಯಾಗಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಿಣಿಯರಲ್ಲಿ ನೀರು ತುಂಬುವುದು, ಇವುಗಳಿಂದಲೂ ಹೀಗಾಗುತ್ತದೆ. ಹೆಬ್ಬೆರಳಿನ ಬುಡದ ಸ್ನಾಯು ಸೊರಗುವವರೆಗೆ ಕಾದರೆ ಶಸ್ತ್ರಚಿಕಿತ್ಸೆ ಮಾಡಿದರೂ ಹಿಂದಿನ ಬಲ ಪೂರ್ತಿ ಮರಳದೆ ಹೋಗಬಹುದು. ಕಿರುಬೆರಳು ಜೋಮು ಹಿಡಿದರೆ ಅದು ಬೇರೆಯೇ ನರ. ಮೇಜಿನ ಅಂಚಿಗೆ ಮೊಣಕೈ ಊರುವ ಅಭ್ಯಾಸವಿದೆಯೇ ಎಂದು ನಾನು ಕೇಳುತ್ತೇನೆ.

ಈತನ ರಕ್ತಪರೀಕ್ಷೆ ಸರಿಯಿತ್ತು. ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ, ಅರ್ಧ ಗಂಟೆಗೊಮ್ಮೆ ಕೈಗೆ ವಿರಾಮ, ಹನ್ನೊಂದಕ್ಕೆ ಆಟ ಬಂದ್ ಎಂದೆ. ಆರು ವಾರ ಬಿಟ್ಟು ಬಂದಾಗ ರಾತ್ರಿಯ ಜೋಮು ಬಹುಪಾಲು ಇಳಿದಿತ್ತು. ಕೀಲಿಮಣೆಯನ್ನೂ ಕೊಂಡಿದ್ದ, ಕಂದು ಸ್ವಿಚ್ಚಿನದು. ಮಧ್ಯಾಹ್ನದ ಹೊತ್ತು ಅದರಲ್ಲಿ ಅಮ್ಮನೇ ಕೂತು ಟೈಪು ಮಾಡುತ್ತಾರಂತೆ.